ಯಳಂದೂರಿನ ಜಹಗೀರದಾರ್ ಬಂಗಲೆ: ಕಟ್ಟಡ, ಜಹಗೀರು ಮತ್ತು ಜನಪದ ನೆನಪು

ಪ್ರವೇಶ

ಚಾಮರಾಜನಗರ ಜಿಲ್ಲೆಯ ಯಳಂದೂರು ಪಟ್ಟಣದಲ್ಲಿ ಚರಿತ್ರೆಯ ಎರಡು ಮುಖ್ಯ ಕಟ್ಟಡಗಳಿವೆ. ಒಂದು, ಗೌರೀಶ್ವರ ದೇವಾಲಯದ ಮಹಾದ್ವಾರವಾದ ಬಳೆಮಂಟಪ. ಮತ್ತೊಂದು, ಊರಿನವರ ಬಾಯಲ್ಲಿ 'ಜಹಗೀರದಾರ್ ಬಂಗಲೆ' ಎಂದೇ ಉಳಿದು, ರಾಜ್ಯದ ಪುರಾತತ್ವ ಇಲಾಖೆಯ ಸಂರಕ್ಷಣೆಗೊಳಪಟ್ಟು ದಿವಾನ್ ಪೂರ್ಣಯ್ಯ ವಸ್ತುಸಂಗ್ರಹಾಲಯವಾಗಿರುವ ನಿವಾಸ. ಮೊದಲನೆಯದು ದೇವರ ಮನೆಯ ಬಾಗಿಲು, ಎರಡನೆಯದು ಮನುಷ್ಯರ ಮನೆ. ಕರ್ನಾಟಕದ ವಾಸ್ತುಚರಿತ್ರೆಯ ಅಧ್ಯಯನಗಳು ದೇವಾಲಯ, ಕೋಟೆ ಮತ್ತು ಅರಮನೆಗಳಿಗೆ ಕೊಟ್ಟಷ್ಟು ಗಮನವನ್ನು ವಾಸದ ಮನೆಗಳಿಗೆ ಕೊಟ್ಟಿಲ್ಲ. ದೇವಾಲಯಕ್ಕೆ ಶಾಸನವಿರುತ್ತದೆ, ಕೋಟೆಗೆ ಯುದ್ಧದ ಕಥೆಯಿರುತ್ತದೆ. ಮನೆಗೆ ಇರುವುದು ಬಹುಮಟ್ಟಿಗೆ ನೆನಪು ಮಾತ್ರ. ಆದ್ದರಿಂದ ಮನೆಯ ಚರಿತ್ರೆಯನ್ನು ಬರೆಯಹೊರಟವರು ದಾಖಲೆಗಳ ಜೊತೆಗೆ ಆಡುಮಾತನ್ನೂ ಹಾಡನ್ನೂ ಆಕರಗಳಾಗಿ ಪರಿಗಣಿಸಬೇಕಾಗುತ್ತದೆ.

ಈ ಬಂಗಲೆಯನ್ನು ಪೂರ್ಣಯ್ಯನವರ ಹೆಸರಿನಿಂದ ಗುರುತಿಸುವುದು ಸಹಜವೇ ಆಗಿದೆ. ಆದರೆ ಒಂದು ಸರಳ ಲೆಕ್ಕ ಬೇರೆಯ ಮಾತನ್ನು ಹೇಳುತ್ತದೆ. ಯಳಂದೂರು ಜಹಗೀರು ಪೂರ್ಣಯ್ಯನವರಿಗೆ ದೊರೆತದ್ದು 1807ರ ಡಿಸೆಂಬರ್ ಕೊನೆಯಲ್ಲಿ. ಅವರು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡದ್ದು 1812ರ ಮಾರ್ಚ್ ಕೊನೆಯಲ್ಲಿ. ಅಂದರೆ ಅವರು ಜಹಗೀರದಾರರಾಗಿದ್ದುದು ನಾಲ್ಕು ವರ್ಷ ಮೂರು ತಿಂಗಳು. ಅದರಲ್ಲಿಯೂ 1811ರವರೆಗೆ ಅವರು ದಿವಾನಗಿರಿಯ ಹೊಣೆ ಹೊತ್ತಿದ್ದರು. ಜಹಗೀರಾದರೋ ಅವರ ವಂಶಸ್ಥರ ಕೈಯಲ್ಲಿ ಸುಮಾರು ಒಂದೂವರೆ ಶತಮಾನ ನಡೆಯಿತು. ಹೀಗಾಗಿ ಬಂಗಲೆಯ ಚರಿತ್ರೆ ಒಬ್ಬ ವ್ಯಕ್ತಿಯ ಜೀವನಚರಿತ್ರೆಯ ಅನುಬಂಧವಲ್ಲ. ಅದು ಜಹಗೀರೆಂಬ ವ್ಯವಸ್ಥೆಯ ಚರಿತ್ರೆ, ಆ ವ್ಯವಸ್ಥೆಗೆ ಕಂದಾಯ ತೆತ್ತ ಹಳ್ಳಿಗಳ ಚರಿತ್ರೆ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಪರಿಸರದ ಹಿನ್ನೆಲೆಯಲ್ಲಿ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಜಹಗೀರಿಗೂ ಮುನ್ನ

ಜಹಗೀರು ಬಂದಾಗ ಯಳಂದೂರು ಹೊಸ ಊರಾಗಿರಲಿಲ್ಲ. 'ಎಳವಂದೂರು' ಎಂಬ ಹಳೆಯ ರೂಪವನ್ನು ಸಂಸ್ಕೃತ ಪಂಡಿತರು 'ಬಾಲೇಂದುಪುರ' ಎಂದು ಮಾರ್ಪಡಿಸಿಕೊಂಡಿದ್ದರು. ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ, ಸುವರ್ಣಾವತಿ ಹೊಳೆಯ ನೀರು ಕುಡಿಯುವ ಈ ನೆಲ ಭತ್ತಕ್ಕೆ ಹೆಸರಾದದ್ದು. ಜನರು ಈ ಹೊಳೆಯನ್ನು ಕರೆಯುವುದು 'ಹೊನ್ನುಹೊಳೆ' ಎಂದು. ಹೊಳೆಯ ಹೆಸರಿನಲ್ಲಿಯೇ ಹೊನ್ನಿರುವುದು ಈ ಬಯಲಿನ ಫಲವಂತಿಕೆಗೆ ಸಾಕ್ಷಿಯಂತಿದೆ.

16 ಮತ್ತು 17ನೆಯ ಶತಮಾನಗಳಲ್ಲಿ ಇಲ್ಲಿ ಆಳಿದವರು ಹದಿನಾಡಿನ ಪ್ರಭುಗಳು. ಗೌರೀಶ್ವರ ದೇವಾಲಯದ ನಿರ್ಮಾಣದೊಂದಿಗೆ ಸಿಂಗದೇಪ ದೇವಭೂಪಾಲನ ಹೆಸರೂ, ನಂತರದ ಕೆಲಸಗಳೊಂದಿಗೆ ಮುದ್ದುರಾಜನ ಹೆಸರೂ ಸೇರಿವೆ. ಬಳೆಮಂಟಪದ ಮೂಲೆಗಳಲ್ಲಿ ತೂಗುವ ಕಲ್ಲಿನ ಬಳೆಗಳ ಸರಪಳಿ ಇಂದಿಗೂ ನೋಡುಗರನ್ನು ನಿಲ್ಲಿಸುತ್ತದೆ. ಒಂದೇ ಕಲ್ಲನ್ನು ಕೊರೆದು ಬಳೆಯೊಳಗೆ ಬಳೆ ಬಿಡಿಸಿದ ಈ ಕೆಲಸ ಕಲ್ಲುಕುಟಿಗರ ಕೈಚಳಕದ ಗುರುತು. ಕಟ್ಟಿಸಿದ ದೊರೆಯ ಹೆಸರನ್ನು ಶಾಸನ ಉಳಿಸಿಕೊಂಡಿತು. ಜನರ ಬಾಯಿ ಉಳಿಸಿಕೊಂಡದ್ದು ಮಾತ್ರ ಬಳೆಯನ್ನು. 'ಮಹಾದ್ವಾರ' ಎಂಬ ಶಾಸ್ತ್ರದ ಹೆಸರು ಗ್ರಂಥಗಳಲ್ಲಿ ಉಳಿದು, 'ಬಳೆಮಂಟಪ' ಎಂಬ ಹೆಸರು ಊರಿನಲ್ಲಿ ನಿಂತಿತು. ಕಟ್ಟಡವನ್ನು ಕಟ್ಟಿಸಿದವನಿಂದಲ್ಲದೆ ಅದರಲ್ಲಿ ಕಂಡ ಕೆಲಸದಿಂದ ಗುರುತಿಸುವ ಈ ಕ್ರಮ ಗಮನಾರ್ಹವಾದುದು.

ಸಾಹಿತ್ಯ ಚರಿತ್ರೆಯಲ್ಲಿಯೂ ಊರಿಗೆ ಸ್ಥಾನವಿದೆ. 'ರಾಜಶೇಖರವಿಳಾಸ'ದ ಕವಿ ಷಡಕ್ಷರದೇವ ಬಾಳಿದ ಊರು ಇದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದ ಹೊನ್ನಮ್ಮನೂ ಯಳಂದೂರಿನವಳು. ಮನೆಯೊಳಗಿನ ಬದುಕನ್ನು, ಅದರಲ್ಲಿ ಹೆಣ್ಣಿನ ಪಾಡನ್ನು ಕಾವ್ಯದ ವಸ್ತುವಾಗಿಸಿದ ಹೆಣ್ಣೊಬ್ಬಳು ಈ ಊರಿನಿಂದ ಬಂದಳೆಂಬುದು ಮನೆಯ ಚರಿತ್ರೆಯನ್ನು ಕುರಿತ ಯಾವ ಚರ್ಚೆಯಲ್ಲಿಯೂ ಮರೆಯಬಾರದ ಸಂಗತಿ. ದೊಡ್ಡ ಮನೆಯ ಒಳಹೊರಗನ್ನು ಊಳಿಗದವರ ಕಣ್ಣಿನಿಂದ ಕಂಡವಳು ಆಕೆ.

1799ರ ನಂತರದ ರಾಜಕಾರಣ ಮತ್ತು ಜಹಗೀರಿನ ಹುಟ್ಟು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನ್ ಹತನಾದನು. ಅದೇ ವರ್ಷದ ಒಪ್ಪಂದಗಳಂತೆ ಮೈಸೂರು ರಾಜ್ಯವನ್ನು ಹಂಚಿದಾಗ ಕೊಯಮತ್ತೂರು ಪ್ರಾಂತ ಕಂಪನಿಯ ಪಾಲಾಯಿತು. ಆ ಪ್ರಾಂತದೊಂದಿಗೆ ಕೊಳ್ಳೇಗಾಲ ಮತ್ತು ಹನೂರು ಸೀಮೆಗಳೂ ಹೋದವು. ಯಳಂದೂರು ಒಡೆಯರ ಮೈಸೂರಿನಲ್ಲಿ ಉಳಿಯಿತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಹೈದರಾಲಿಯ ಕಾಲದಿಂದ ಲೆಕ್ಕಪತ್ರದ ಇಲಾಖೆಯಲ್ಲಿ ಬೆಳೆದು ಟಿಪ್ಪುವಿನ ಆಡಳಿತದಲ್ಲಿಯೂ ಪ್ರಮುಖರಾಗಿದ್ದ ಪೂರ್ಣಯ್ಯನವರು ಹೊಸ ವ್ಯವಸ್ಥೆಯ ದಿವಾನರಾದರು. ಮೂರು ಪ್ರಭುತ್ವಗಳು ಬದಲಾದರೂ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿಯೇ ಉಳಿದ ಅಪರೂಪದ ಉದಾಹರಣೆ ಇದು.

ಅವರ ಸೇವೆಗೆ ಪ್ರತಿಫಲವಾಗಿ ಯಳಂದೂರು ಜಹಗೀರು ವಂಶಪಾರಂಪರ್ಯವಾಗಿ ದೊರೆಯಿತು. ಜಹಗೀರೆಂದರೆ ಕೇವಲ ಭೂಮಿಯಲ್ಲ, ಭೂಮಿಯ ಕಂದಾಯದ ಹಕ್ಕು. ರೈತ ಉಳುವ ಹೊಲ ಅದೇ, ಹೊಳೆಯ ನೀರು ಅದೇ. ಆದರೆ ಕಂದಾಯ ಹೋಗುವ ಬಾಗಿಲು ಬೇರೆಯಾಯಿತು. ಆ ಬಾಗಿಲಿನ ಹೆಸರೇ ಬಂಗಲೆ. ಜನರು ಈ ಮನೆಯನ್ನು ಪೂರ್ಣಯ್ಯನ ಮನೆಯೆನ್ನದೆ ಜಹಗೀರದಾರ್ ಬಂಗಲೆಯೆಂದು ಕರೆದುದರಲ್ಲಿ ಚರಿತ್ರೆಯ ನಿಖರತೆಯಿದೆ. ವ್ಯಕ್ತಿಯ ಹೆಸರು ಬದಲಾಗುತ್ತಿತ್ತು, ಹುದ್ದೆಯ ಹೆಸರು ಉಳಿಯುತ್ತಿತ್ತು.

ಈ ಸೀಮೆಯ ಮೇಲೆ ಹೊಸ ಪ್ರಭುತ್ವದ ಕಣ್ಣು ಜಹಗೀರಿಗೆ ಮೊದಲೇ ಬಿದ್ದಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ದಕ್ಷಿಣದ ದೇಶಸ್ಥಿತಿಯನ್ನು ಅಳೆಯಲು ಹೊರಟ ಫ್ರಾನ್ಸಿಸ್ ಬುಕಾನನ್ ಸತ್ತೇಗಾಲ, ಸಿಂಗಾನಲ್ಲೂರು, ಹನೂರುಗಳ ಹಾದಿಯಾಗಿ ಕಾವೇರಿಪುರದ ಕಣಿವೆಯತ್ತ ಸಾಗಿದನು. ಬೆಳೆ, ಕೆರೆ, ಕಬ್ಬಿಣ, ನೇಯ್ಗೆ ಎಲ್ಲವನ್ನೂ ಬರೆದುಕೊಳ್ಳುವುದು ಅವನ ಕೆಲಸವಾಗಿತ್ತು. ಒಂದು ಸೀಮೆಯನ್ನು ಮೊದಲು ಪಟ್ಟಿಮಾಡುವುದು, ಆಮೇಲೆ ಹಂಚುವುದು, ಕೊನೆಗೆ ಅಲ್ಲಿ ಬಂಗಲೆ ಏಳುವುದು, ಇದು 19ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಅನೇಕ ಕಡೆ ಕಾಣುವ ಕ್ರಮ.

ಜಾರ್ಜಿಯನ್ ಮನೆ, ತಾರಸಿ ಮತ್ತು ಬಂಗಲೆ

ಯಳಂದೂರು ಜಹಗೀರು ಹುಟ್ಟಿದಾಗ ಇಂಗ್ಲೆಂಡಿನಲ್ಲಿ ಮೂರನೆಯ ಜಾರ್ಜ್ ದೊರೆ ಆಳುತ್ತಿದ್ದನು. 1714ರಿಂದ 1830ರವರೆಗೆ ಒಬ್ಬರ ನಂತರ ಒಬ್ಬರಂತೆ ಆಳಿದ ನಾಲ್ವರು ಜಾರ್ಜರ ಹೆಸರಿನಿಂದ ಅಲ್ಲಿನ ಕಟ್ಟಡ ಶೈಲಿಯೊಂದನ್ನು 'ಜಾರ್ಜಿಯನ್' ಎನ್ನುತ್ತಾರೆ. ರೋಮನ್ ಕಟ್ಟಡಗಳ ಅಳತೆಗಳನ್ನು ಇಟಲಿಯ ಪಲ್ಲಾಡಿಯೋನ ಗ್ರಂಥಗಳ ಮೂಲಕ ಕಲಿತುಕೊಂಡ ಈ ಶೈಲಿಯ ಜೀವಾಳ ಸಮತೋಲ. ನಡುವೆ ಅಥವಾ ಗೊತ್ತಾದ ಸ್ಥಾನದಲ್ಲಿ ಬಾಗಿಲು, ಎರಡೂ ಬದಿಗೆ ಲೆಕ್ಕಕ್ಕೆ ತಪ್ಪದ ಕಿಟಕಿಗಳು, ಅಲಂಕಾರಕ್ಕಿಂತ ಪ್ರಮಾಣಕ್ಕೆ ಒತ್ತು. ನಗರಗಳಲ್ಲಿ ಇಂತಹ ಮನೆಗಳನ್ನು ಒಂದಕ್ಕೊಂದು ಗೋಡೆ ಹಂಚಿಕೊಳ್ಳುವಂತೆ ಸಾಲಾಗಿ ಕಟ್ಟಿದರು. ಬಾತ್ ನಗರದಲ್ಲಿ 1767ರಿಂದ ಕಟ್ಟತೊಡಗಿದ ಅರ್ಧಚಂದ್ರಾಕಾರದ ಸಾಲಿನಲ್ಲಿ 30 ಮನೆಗಳಿವೆ. ಹೊರಗಿನಿಂದ ನೋಡಿದರೆ ಅದು ಒಂದೇ ಅರಮನೆಯಂತೆ ತೋರುತ್ತದೆ. 1774ರ ಲಂಡನ್ ಕಟ್ಟಡ ಕಾಯಿದೆ ಸಾಲುಮನೆಗಳನ್ನು ಗಾತ್ರ ಮತ್ತು ಬೆಲೆಗೆ ತಕ್ಕಂತೆ ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಬೆಂಕಿ ಹರಡದಂತೆ ನಡುಗೋಡೆಯ ದಪ್ಪವನ್ನೂ ಗೊತ್ತುಪಡಿಸಿತು. ಹೀಗೆ ಮನೆಯ ಮುಖ ಮನೆಯವರ ಅಂತಸ್ತನ್ನು ಹೇಳತೊಡಗಿತು. 1947ರ ಯೋಜನಾ ಕಾಯಿದೆಯ ನಂತರ ಇಂತಹ ಸಾವಿರಾರು ಮನೆಗಳು ಅಲ್ಲಿನ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದವು.

ಇಂಗ್ಲಿಷಿನಲ್ಲಿ ಆ ಸಾಲುಮನೆಯನ್ನು 'ಟೆರೇಸ್' ಎನ್ನುತ್ತಾರೆ. ಯುರೋಪಿನ ಭಾಷೆಗಳಿಂದ ನಮ್ಮಲ್ಲಿಗೆ ಬಂದ ಅದೇ ಮೂಲದ ಪದ 'ತಾರಸಿ'ಯಾಗಿ ಬೇರೆಯೇ ಅರ್ಥ ತಳೆಯಿತು. ಅಲ್ಲಿ ಅದು ಮನೆಗಳ ಸಾಲು, ಇಲ್ಲಿ ಅದು ಮಟ್ಟಸವಾದ ಮಾಳಿಗೆ. ಮರದ ತೊಲೆ ಮತ್ತು ಜಂತಿಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಗಾರೆಯಲ್ಲಿ ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆಚೂರು ಬೆರೆಸಿದ ಸುಣ್ಣದ ಗಾರೆ ಹಾಕಿ ಬಡಿದು ಗಟ್ಟಿಮಾಡುವ ಕ್ರಮಕ್ಕೆ 'ಮದ್ರಾಸು ತಾರಸಿ' ಎಂಬ ಹೆಸರು. ಮಳೆನಾಡಿನ ಇಳಿಜಾರು ಹೆಂಚಿನ ಮಾಡಿಗೂ ಬಯಲುಸೀಮೆಯ ಮಣ್ಣಿನ ಮಾಳಿಗೆಗೂ ನಡುವಣ ಈ ಮಾದರಿ 19ನೆಯ ಶತಮಾನದ ಅಧಿಕಾರಸ್ಥರ ಮನೆಗಳಲ್ಲಿ ಪ್ರಿಯವಾಯಿತು. 'ಬಂಗಲೆ'ಯ ಕಥೆಯೂ ಹೀಗೆಯೇ. ಬಂಗಾಳದ ಹುಲ್ಲುಮಾಡಿನ ಗುಡಿಸಲಿನ ಹೆಸರು ಕಂಪನಿಯ ನೌಕರರ ಬಾಯಿಗೆ ಬಿದ್ದು, ತೋಟದ ನಡುವೆ ಸುತ್ತಲೂ ಜಗಲಿಯಿರುವ ಒಂಟಿಮನೆಯ ಹೆಸರಾಗಿ, ಕೊನೆಗೆ ಸಿರಿವಂತರ ನಿವಾಸಕ್ಕೆಲ್ಲ ಅಂಟಿಕೊಂಡಿತು. ಬಡವರ ಗುಡಿಸಲಿನ ಹೆಸರೊಂದು ಒಡೆಯರ ಮನೆಗೆ ಏರಿದ ಅಪರೂಪದ ಪದಯಾತ್ರೆ ಇದು.

ಈ ವಾಸ್ತುಭಾಷೆ ಯಳಂದೂರಿನ ಆಸುಪಾಸಿಗೆ ತಲುಪಿದ ದಾರಿಯನ್ನು ಗುರುತಿಸಬಹುದು. ಮೈಸೂರಿನಲ್ಲಿ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್‌ನ ಕಾಲದಲ್ಲಿ, 1805ರ ವೇಳೆಗೆ, ಸರ್ಕಾರಿ ಭವನವೆನಿಸಿದ ರೆಸಿಡೆನ್ಸಿ ಎದ್ದಿತು. ದಪ್ಪ ಕಂಬಗಳ ಮುಂಗಟ್ಟಿನ ಆ ಕಟ್ಟಡಕ್ಕೆ ಮುಂದೆ ಡಿ ಹ್ಯಾವಿಲೆಂಡ್ ಎಂಬ ಎಂಜಿನಿಯರ್ ನಡುವೆ ಕಂಬವೇ ಇಲ್ಲದ ದೊಡ್ಡ ಭೋಜನಶಾಲೆಯನ್ನು ಸೇರಿಸಿದನು. ಪೂರ್ಣಯ್ಯನವರು ರೆಸಿಡೆಂಟರೊಂದಿಗೆ ದಿನನಿತ್ಯ ವ್ಯವಹರಿಸುತ್ತಿದ್ದ ದಿವಾನರು. ಅಧಿಕಾರದ ಹೊಸ ಮನೆ ಹೇಗಿರುತ್ತದೆಂಬುದು ಮೈಸೂರಿನ ಅಧಿಕಾರಿವರ್ಗದ ಕಣ್ಣೆದುರಿಗೇ ಇತ್ತು.

ಈ ಮನೆಗೆ ಎದುರಾಗಿ ನಿಲ್ಲುವುದು ಈ ನಾಡಿನ ತೊಟ್ಟಿಮನೆ. ತೊಟ್ಟಿಮನೆಯ ಮುಖ ಒಳಗಿರುತ್ತದೆ. ಬೀದಿಗೆ ಜಗಲಿ, ಒಳಗೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ, ಹಿಂದೆ ನಡುಮನೆ, ಅಡುಗೆಮನೆ, ಹಿತ್ತಲು. ಬೆಳಕು, ಗಾಳಿ, ಮಳೆನೀರು ಎಲ್ಲವೂ ತೊಟ್ಟಿಗೆ ಇಳಿಯುತ್ತವೆ. ಭತ್ತ ಹರಡುವುದೂ ಹಸೆ ಹಾಕುವುದೂ ಅಲ್ಲಿಯೇ. ಬಂಗಲೆಯ ಮುಖ ಹೊರಗಿರುತ್ತದೆ. ಅದು ನೋಡುವವರಿಗಾಗಿ ಕಟ್ಟಿದ ಮನೆ. ಆವರಣ ದಾಟಿ, ಮೆಟ್ಟಿಲ ಬಳಿ ನಿಂತು, ಒಳಗಿನವರು ಹೊರಬರುವುದನ್ನು ಕಾಯಬೇಕು. ಜಗಲಿ ಎರಡು ಬಗೆಯ ಮನೆಗಳಿಗೂ ಉಂಟು. ಆದರೆ ತೊಟ್ಟಿಮನೆಯ ಜಗಲಿಯಲ್ಲಿ ದಾರಿಹೋಕ ಕುಳಿತುಕೊಳ್ಳುತ್ತಾನೆ. ಬಂಗಲೆಯ ಜಗಲಿಯ ಕೆಳಗೆ ರೈತ ನಿಂತುಕೊಳ್ಳುತ್ತಾನೆ. ಶೈಲಿಯ ವ್ಯತ್ಯಾಸದಲ್ಲಿ ಸಂಬಂಧದ ವ್ಯತ್ಯಾಸವಿದೆ. ಕಂದಾಯದ ಮನೆಗೆ ಬಂಗಲೆಯ ರೂಪ ಒಗ್ಗಿದ್ದು ಈ ಕಾರಣದಿಂದಲೇ ಎನ್ನಬಹುದು.

ಹಳೆಯ ಮನೆಗಳನ್ನು ಓದುವವರಿಗೆ ಸಾಮಗ್ರಿಯೂ ಕಾಲವನ್ನು ತಿಳಿಸುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಅದಕ್ಕಿಂತ ಹಿಂದಿನ ಮನೆಯ ಮೇಲೆ ಮಂಗಳೂರು ಹೆಂಚು ಕಂಡರೆ ಅದು ನಂತರದ ದುರಸ್ತಿಯೇ ಸರಿ. ಮೂಲದಲ್ಲಿ ಕುಂಬಾರರ ಕೈಹೆಂಚೋ ತಾರಸಿಯೋ ಇದ್ದಿರಬೇಕು. ಸುಣ್ಣದ ಗಾರೆಯ ಜಾಗದಲ್ಲಿ ಸಿಮೆಂಟ್ ಬಂದರೆ ಅದು 20ನೆಯ ಶತಮಾನದ ಕೈ. ಸುಣ್ಣದ ಗೋಡೆ ತೇವವನ್ನು ಹೊರಬಿಡುತ್ತದೆ. ಸಿಮೆಂಟಿನ ಮೇಲ್ಪದರ ಅದನ್ನು ಒಳಗೇ ತಡೆದು ಇಟ್ಟಿಗೆಯನ್ನು ಕೊರೆಯುತ್ತದೆ. ಆದ್ದರಿಂದ ಗಾರೆ ಅರೆಯುವ, ಸುಣ್ಣ ಹದಗೊಳಿಸುವ ತಿಳಿವಳಿಕೆ ಸಂರಕ್ಷಣೆಗೆ ಅನಿವಾರ್ಯ. ಆ ತಿಳಿವಳಿಕೆ ಇರುವುದು ಪುಸ್ತಕಕ್ಕಿಂತ ಹೆಚ್ಚಾಗಿ ಗಾರೆಗೆಲಸದ ಮನೆತನಗಳ ಕೈಯಲ್ಲಿ.

ಸೇತುವೆಗಳ ಸಾಕ್ಷ್ಯ

ಪೂರ್ಣಯ್ಯನವರ ಕಾಲದ ನಿರ್ಮಾಣ ಪದ್ಧತಿಯನ್ನು ಅರಿಯಲು ಮನೆಗಳಿಗಿಂತ ಸೇತುವೆಗಳು ಹೆಚ್ಚು ನೆರವಾಗುತ್ತವೆ. 1804ರಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರು ಇಂಗ್ಲಿಷಿನದು, ಕಟ್ಟುವಿಕೆ ಸಂಪೂರ್ಣ ದೇಶೀಯವಾದುದು: ನದಿಯ ಬಂಡೆಯ ಮೇಲೆ ಕಲ್ಲುಕಂಬಗಳು, ಕಂಬಗಳ ಮೇಲೆ ಕಲ್ಲುತೊಲೆ, ತೊಲೆಗಳ ಮೇಲೆ ಚಪ್ಪಡಿ. ಕಮಾನುಗಳಿಲ್ಲ. ಅದೇ ದಶಕದಲ್ಲಿ ಡಿ ಹ್ಯಾವಿಲೆಂಡ್ ಇಷ್ಟು ಅಗಲದ ಇಟ್ಟಿಗೆ ಕಮಾನು ನಿಲ್ಲಬಲ್ಲುದೆಂದು ತೋರಿಸಲು ಶ್ರೀರಂಗಪಟ್ಟಣದಲ್ಲಿ ಒಂದು ಕಮಾನನ್ನು ಕಟ್ಟಿದನು. ಅದು 20ನೆಯ ಶತಮಾನದ ಮೊದಲರ್ಧದಲ್ಲಿ ಕುಸಿದುಬಿತ್ತು. ದೇವಾಲಯದ ಮಂಟಪದ ತರ್ಕದಲ್ಲಿ ಕಟ್ಟಿದ ಕಂಬದ ಸೇತುವೆ ಅದಕ್ಕಿಂತ ಹೆಚ್ಚು ಬಾಳಿತು.

ಕೊಳ್ಳೇಗಾಲದ ಬದಿಯ ಶಿವನಸಮುದ್ರದಲ್ಲಿ ಇದೇ ತಂತ್ರವನ್ನು ಮತ್ತೊಬ್ಬ ಜಹಗೀರದಾರರು ಮುಂದುವರಿಸಿದರು. ಮೈಸೂರಿನ ರೆಸಿಡೆಂಟರ ಬಳಿ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರರು ಪಾಳುಬಿದ್ದ ದ್ವೀಪವನ್ನು ಮತ್ತೆ ನೆಲೆಗೊಳಿಸಿ, ಕಾವೇರಿಯ ಎರಡು ಕವಲುಗಳಿಗೆ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿ, ಸರ್ಕಾರದಿಂದ ಬಿರುದನ್ನೂ ಜಹಗೀರನ್ನೂ ಪಡೆದರು. ಒಂದು ಸೇತುವೆಗೆ ವೆಲ್ಲೆಸ್ಲಿಯ ಹೆಸರು, ಮತ್ತೊಂದಕ್ಕೆ ಮದ್ರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರು. ಮೊದಲನೆಯದನ್ನು ಜನರು ತಮ್ಮ ನಾಲಗೆಗೆ ಒಗ್ಗಿಸಿಕೊಂಡು 'ವೆಸ್ಲಿ ಸೇತುವೆ' ಎಂದರು. 2018ರ ಕಾವೇರಿ ಪ್ರವಾಹದಲ್ಲಿ ಈ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಎರಡು ಶತಮಾನ ನಿಂತ ಕಂಬಗಳು ಬಿದ್ದಾಗ ಈ ಸೀಮೆಯ ಚರಿತ್ರೆ ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿದೆಯೆಂಬುದು ಮನವರಿಕೆಯಾಯಿತು.

ಯಳಂದೂರಿನ ಜಹಗೀರದಾರ ಮನೆತನಕ್ಕೂ ಶಿವನಸಮುದ್ರಕ್ಕೂ ಇನ್ನೊಂದು ಕೊಂಡಿಯಿದೆ. ಪೂರ್ಣಯ್ಯನವರ ವಂಶಸ್ಥರೂ ಯಳಂದೂರಿನ ಜಹಗೀರದಾರರೂ ಆಗಿದ್ದ ಸರ್ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡಿದ್ದ ಶಿವನಸಮುದ್ರದ ಜಲವಿದ್ಯುತ್ ಯೋಜನೆ ಫಲ ಕೊಟ್ಟದ್ದು ಇವರ ಅವಧಿಯಲ್ಲಿ. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಯಳಂದೂರಿನ ಮಗ್ಗುಲಲ್ಲಿ ಹರಿಯುವ ನದಿಯ ಶಕ್ತಿ ದೂರದ ಗಣಿಗೆ ಮೊದಲು ಹೋಯಿತೆಂಬುದನ್ನು ಗಮನಿಸಿದರೆ, ಕಂದಾಯದಂತೆ ಬೆಳಕೂ ಹಳ್ಳಿಯಿಂದ ಹೊರಕ್ಕೆ ಹರಿಯುವ ಕ್ರಮವೊಂದು ಗೋಚರಿಸುತ್ತದೆ. 1950ರ ದಶಕದ ಇನಾಂ ರದ್ದತಿ ಕಾಯಿದೆಗಳೊಂದಿಗೆ ಇಂತಹ ಜಹಗೀರುಗಳ ಕಾಲ ಮುಗಿಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಸೀಮೆ ಕೊಯಮತ್ತೂರಿನಿಂದ ಮರಳಿ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಎರಡೂ ಚಾಮರಾಜನಗರ ಜಿಲ್ಲೆಯವಾದವು. 157 ವರ್ಷ ಬೇರೆ ಬೇರೆ ಸರ್ಕಾರಗಳಿಗೆ ಕಂದಾಯ ತೆತ್ತ ನೆರೆಯ ಹಳ್ಳಿಗಳು ಮತ್ತೆ ಒಂದಾದವು.

ಕೊಳ್ಳೇಗಾಲದ ಸಾಲುಮನೆಗಳು

ಇಂಗ್ಲಿಷ್ ಸಾಲುಮನೆಗೆ ಈ ಸೀಮೆಯಲ್ಲಿ ನಿಜವಾದ ಹೋಲಿಕೆ ಬಂಗಲೆಯಲ್ಲ, ಕೊಳ್ಳೇಗಾಲದ ನೇಕಾರರ ಬೀದಿ. ರೇಷ್ಮೆಗೂ ಜರಿಗೂ ಹೆಸರಾದ ಈ ಪಟ್ಟಣದಲ್ಲಿ ನೇಕಾರರ ಮನೆಗಳು ಒಂದರ ಗೋಡೆಗೆ ಒಂದು ಆತುಕೊಂಡು ನಿಂತವು. ಬೀದಿಗೆ ಕಿರಿದು, ಹಿಂದಕ್ಕೆ ಉದ್ದ. ಮುಂದೆ ಜಗಲಿ, ಒಳಗೆ ಕುಣಿಮಗ್ಗ, ಅದರ ಹಿಂದೆ ಸಂಸಾರ. ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತುಕೊಳ್ಳುತ್ತಾನೆ. ನೆಲದ ತೇವ ನೂಲನ್ನು ಮೃದುವಾಗಿಡುತ್ತದೆ. ಹಾಸಿನ ಎಳೆಗಳಿಗೆ ಉದ್ದವಾದ ಬಯಲು ಬೇಕಾದುದರಿಂದ ಬೀದಿಯೇ ಕಾರ್ಯಾಗಾರವಾಗುತ್ತಿತ್ತು. ಹಾಸುಗೋಲಿಗೆ ಎರಡು ಮೂರು ಮನೆಗಳವರು ಕೈಹಚ್ಚುತ್ತಿದ್ದರು. ಇಲ್ಲಿ ಹಂಚಿಕೊಂಡ ಗೋಡೆ ಹಂಚಿಕೊಂಡ ಕೆಲಸದ ಗುರುತು. ಬಾತ್ ನಗರದ ಸಾಲುಮನೆ ಅನೇಕ ಮನೆಗಳನ್ನು ಒಂದು ಅರಮನೆಯಂತೆ ತೋರಿಸಲು ಗೋಡೆ ಹಂಚಿಕೊಂಡಿತು. ನೇಕಾರರ ಸಾಲು ಒಂದು ಕಸುಬನ್ನು ಅನೇಕ ಮನೆಗಳಲ್ಲಿ ನಡೆಸಲು ಗೋಡೆ ಹಂಚಿಕೊಂಡಿತು.

ಮಗ್ಗಗಳು ಮೂಲೆ ಸೇರಿ, ಸಾಲಿನ ನಡುವೆ ಒಂದೊಂದೇ ಮನೆ ಕಾಂಕ್ರೀಟ್ ಆಗುತ್ತ ಹೋದಂತೆ ಈ ವಿನ್ಯಾಸ ಕಣ್ಮರೆಯಾಗುತ್ತಿದೆ. ಮನೆಯವರನ್ನು ಇದಕ್ಕೆ ದೂರುವಂತಿಲ್ಲ. ಸೋರುವ ಮಾಡಿನ ಕೆಳಗೆ ಬಾಳುವ ಸಂಸಾರಕ್ಕೆ ಚರಿತ್ರೆಯ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಜಹಗೀರದಾರರ ಮನೆ ಉಳಿದು ನೇಕಾರರ ಮನೆ ದಾಖಲೆಯಾಗಿಯೂ ಉಳಿಯದಿದ್ದರೆ ಮುಂದಿನವರು ಈ ಸೀಮೆಯಲ್ಲಿ ಕಂದಾಯ ಪಡೆದವರು ಮಾತ್ರ ಬಾಳಿದ್ದರೆಂದು ತಿಳಿಯುವ ಅಪಾಯವಿದೆ.

ಜನಪದ ಕಾವ್ಯಗಳಲ್ಲಿ ಮನೆ

ಈ ಮೂರು ತಾಲ್ಲೂಕುಗಳು ಕನ್ನಡದ ಎರಡು ದೊಡ್ಡ ಮೌಖಿಕ ಕಾವ್ಯಗಳ ನೆಲ. ಕಂಸಾಳೆ ಹಿಡಿದ ದೇವರಗುಡ್ಡರು ಮಲೆಯ ಮಾದೇಶ್ವರನ ಕಥೆಯನ್ನೂ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯರ ಕಥೆಯನ್ನೂ ಇರುಳಿಡೀ ಹಾಡುತ್ತಾರೆ. ಈ ಕಾವ್ಯಗಳಿಗೆ ಮನೆಯನ್ನು ಕುರಿತು ತಮ್ಮದೇ ಆದ ವಿಚಾರವಿದೆ.

ಮಾದೇಶ್ವರನ ಕಾವ್ಯದಲ್ಲಿ ದೊಡ್ಡ ಮನೆ ಪರೀಕ್ಷೆಯ ತಾಣ. ಇಕ್ಕೇರಿ ದೇವಮ್ಮನ ಸಾಲಿನಲ್ಲಿ ಸಿರಿಯ ಸೊಕ್ಕಿನ ಒಡತಿ ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆ ನಿರಾಕರಿಸುತ್ತಾಳೆ. ಅವಳ ಸಿರಿಯೇ ಅವಳಿಗೆ ಮುಳುವಾಗುತ್ತದೆ. ಆಲಂಬಾಡಿಯ ಜುಂಜೇಗೌಡನ ಸಾಲಿನಲ್ಲಿ ಸಿರಿವಂತನಾದ ಕುರಿಗಾಹಿ ಮಣಿದು, ತನ್ನ ಸಂಪತ್ತನ್ನು ಬೆಟ್ಟದ ಮೇಲೆ ಮಾದಪ್ಪನಿಗೆ ಗುಡಿ ಕಟ್ಟಿಸಲು ವಿನಿಯೋಗಿಸುತ್ತಾನೆ. ಸಂಕಮ್ಮನ ಸಾಲಿನಲ್ಲಿ ಗಂಡನು ಕಾಡಿಗೆ ಹೋಗುವಾಗ ಹೆಂಡತಿಯಿಂದ ಭಾಷೆ ಬೇಡಿ, ಆಕೆ ಒಪ್ಪದಿದ್ದಾಗ ಹಿಂಸಿಸಿ ಗುಡಿಸಲಿನಲ್ಲಿ ಕೂಡಿಹಾಕುತ್ತಾನೆ; ಮನೆ ಸೆರೆಯಾಗುತ್ತದೆ, ಬಿಡುಗಡೆ ಹೊರಗಿನಿಂದ ಬರುತ್ತದೆ. ಹೊನ್ನಮ್ಮ ಅರಮನೆಯ ನೆರಳಿನಲ್ಲಿ ಎತ್ತಿದ ಪ್ರಶ್ನೆಯನ್ನು ಈ ಹಾಡು ಕಾಡಿನ ಗುಡಿಸಲಿನಲ್ಲಿ ಎತ್ತುತ್ತದೆ.

ಮಂಟೇಸ್ವಾಮಿ ಪರಂಪರೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಹೋಗುವುದು ಅನ್ನದ ಭಿಕ್ಷೆಗಲ್ಲ, ಕಬ್ಬಿಣದ ಭಿಕ್ಷೆಗೆ. ಇದ್ದ ಕಬ್ಬಿಣವನ್ನು ಇಲ್ಲವೆಂದವರ ಮೇಲೆ ಶಾಪ ಎರಗುತ್ತದೆ. ಸರಕನ್ನು ಕೂಡಿಟ್ಟುಕೊಂಡು ಸಮುದಾಯಕ್ಕೆ ಇಲ್ಲವೆನ್ನುವುದು ಈ ಕಾವ್ಯದ ದೃಷ್ಟಿಯಲ್ಲಿ ದೊಡ್ಡ ತಪ್ಪು. ಹನೂರು ಸೀಮೆಯ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಸಾವಿರಾರು ಜನರು ಬಯಲಿನಲ್ಲಿ ಬಿಡಾರ ಹೂಡಿ, ಜಾತಿಯ ಗೋಡೆ ಮರೆತು ಪಂಕ್ತಿಯಲ್ಲಿ ಉಣ್ಣುವ ಸಂಪ್ರದಾಯದ ಹಿಂದೆ ಇರುವುದು ಇದೇ ದೃಷ್ಟಿ. ಬೆಟ್ಟದ ಸೋಲಿಗರಿಗೆ ಬಿಳಿಗಿರಿರಂಗ ಮನೆಯ ಅಳಿಯ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ ಭಾವ. ದೇವರನ್ನು ನೆಂಟನಾಗಿ ತಮ್ಮ ಪೋಡಿಗೆ ಬರಮಾಡಿಕೊಂಡವರು ಅವರು. ಒಟ್ಟಿನಲ್ಲಿ ಈ ಸೀಮೆಯ ಹಾಡುಗಳು ಮನೆಯನ್ನು ಅದರ ಮುಖದಿಂದ ಅಳೆಯುವುದಿಲ್ಲ, ಅದರ ಬಾಗಿಲಿನಿಂದ ಅಳೆಯುತ್ತವೆ. ಬಾಗಿಲಿಗೆ ಬಂದವರಿಗೆ ಏನು ಸಿಕ್ಕಿತೆಂಬುದೇ ಅವುಗಳ ಪ್ರಶ್ನೆ. ಕಂದಾಯದ ಬಂಗಲೆಗೂ ಈ ಅಳತೆಯನ್ನು ಅನ್ವಯಿಸುವುದು ಉಚಿತ.

ಸಂರಕ್ಷಣೆಯ ಪ್ರಶ್ನೆ

ಕರ್ನಾಟಕದಲ್ಲಿ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ರಕ್ಷಣೆಗೆ 1961ರ ಅಧಿನಿಯಮ ಆಧಾರ. ಜಹಗೀರದಾರ್ ಬಂಗಲೆ ಪಾಳುಬೀಳದೆ ವಸ್ತುಸಂಗ್ರಹಾಲಯವಾದದ್ದು ಸಂತೋಷದ ಸಂಗತಿಯೇ. ಒಂದು ಕಾಲಕ್ಕೆ ಹೊರಗೆ ನಿಂತವರ ಮಕ್ಕಳು ಈಗ ಒಳಗೆ ನಡೆದಾಡಬಹುದು. ಆದರೆ 'ಸಂರಕ್ಷಿತ' ಎಂಬ ಪದ ಈ ಸೀಮೆಯಲ್ಲಿ ಒಂದೇ ಬಗೆಯ ಅನುಭವವನ್ನು ತಂದಿಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದಾಗ ಸೋಲಿಗರು ಅನೇಕ ಪೋಡುಗಳನ್ನು ಬಿಟ್ಟು ಬರಬೇಕಾಯಿತು. ಕಾಡು ಉಳಿಯಿತು, ಕಾಡಿನ ಮನೆಗಳು ಹೋದವು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಬದುಕನ್ನು ಹೊರಗಿಟ್ಟ ರಕ್ಷಣೆ ಅರೆಬರೆಯಾದುದೆಂಬ ಪಾಠವನ್ನು ಬೆಟ್ಟ ಕಲಿಸಿದೆ. ಆ ಪಾಠ ತಪ್ಪಲಿನ ಕಟ್ಟಡಕ್ಕೂ ಸಲ್ಲುತ್ತದೆ.

ಹಾಗಾದರೆ ಬಂಗಲೆಯಲ್ಲಿ ಏನು ಇರಬೇಕು? ದಿವಾನರ ಭಾವಚಿತ್ರದ ಪಕ್ಕದಲ್ಲಿ ಜಹಗೀರಿನ ಹಳ್ಳಿಗಳ ಪಟ್ಟಿ ಇರಬೇಕು. ಕಂದಾಯದ ಕಡತಗಳ ಜೊತೆಗೆ ಜಹಗೀರಿನ ಕಾಲವನ್ನು ಹಿರಿಯರ ಬಾಯಿಂದ ಕೇಳಿದವರ ಮಾತುಗಳ ಧ್ವನಿಮುದ್ರಿಕೆ ಇರಬೇಕು. ಜಹಗೀರು ಕೊನೆಗೊಂಡು ಎಪ್ಪತ್ತು ವರ್ಷ ಸಮೀಪಿಸಿದೆ. ಅದನ್ನು ಕಣ್ಣಾರೆ ಕಂಡವರು ಇಂದು ಅತಿ ವಿರಳ. ಈ ಕೆಲಸ ತಡವಾದಷ್ಟೂ ಆಕರಗಳು ಕಡಿಮೆಯಾಗುತ್ತವೆ. ಗಾರೆ ಅರೆದವರ, ಅಡುಗೆಮನೆಯಲ್ಲಿ ದುಡಿದವರ, ಹೊನ್ನುಹೊಳೆಯ ನೀರಿನಲ್ಲಿ ಭತ್ತ ಬೆಳೆದು ತಂದು ಅಳೆದವರ ನೆನಪುಗಳೂ ಕಟ್ಟಡದ ಇಟ್ಟಿಗೆಗಳೇ. ಕೊಳ್ಳೇಗಾಲದ ನೇಕಾರರ ಮನೆಯ ಒಂದು ಅಳತೆಯ ನಕ್ಷೆ, ಸೋಲಿಗರ ಗುಡ್ಲಿನ ಒಂದು ಮಾದರಿ ಅಲ್ಲಿಯೇ ಇದ್ದರೆ, ಒಂದೇ ಕಾಲದ ಮೂರು ಬಗೆಯ ಮನೆಗಳು ನೋಡುಗರ ಕಣ್ಣೆದುರು ಅಕ್ಕಪಕ್ಕ ನಿಲ್ಲುತ್ತವೆ.

ಸಮಾರೋಪ

ಯಳಂದೂರಿನ ಜನರು ಹಿಂದೆ ಒಮ್ಮೆ ಮಹಾದ್ವಾರವನ್ನು ಅದರ ಬಳೆಯಿಂದ ಗುರುತಿಸಿ, ದೊರೆಗಿಂತ ಕುಶಲಕರ್ಮಿಯನ್ನು ನೆನಪಿನಲ್ಲಿಟ್ಟುಕೊಂಡರು. ಬಂಗಲೆಯನ್ನು ಅವರು ಜಹಗೀರದಾರನದೆಂದು ಕರೆದು, ವ್ಯಕ್ತಿಗಿಂತ ವ್ಯವಸ್ಥೆಯನ್ನು ನೆನಪಿನಲ್ಲಿಟ್ಟುಕೊಂಡರು. ಊರು ಇಟ್ಟ ಈ ಎರಡು ಹೆಸರುಗಳು ಚರಿತ್ರಕಾರರಿಗೆ ದಾರಿ ತೋರಿಸಬಲ್ಲವು. ಪೂರ್ಣಯ್ಯನವರ ಆಡಳಿತ ಸಾಮರ್ಥ್ಯವನ್ನು ಗೌರವಿಸುವುದಕ್ಕೂ, ಅವರ ಹೆಸರಿನ ಮನೆಯನ್ನು ಅದನ್ನು ಹೊತ್ತು ನಿಂತ ಹಳ್ಳಿಗಳ ಜೊತೆಗಿಟ್ಟು ಓದುವುದಕ್ಕೂ ವಿರೋಧವಿಲ್ಲ. ಗೋಡೆಯನ್ನು ಇಲಾಖೆ ಕಾಯಬಲ್ಲದು. ಆ ಗೋಡೆಯ ಹೊರಗೆ ಕಂದಾಯ ಹಿಡಿದು ಕಾದು ನಿಂತವರ ಚರಿತ್ರೆಯನ್ನು ಕಾಯುವುದು ಅಧ್ಯಯನಕಾರರ ಹೊಣೆ.